ಗಾಯಗೊಂಡ ಬೆಕ್ಕು ಮತ್ತು ಅದರ ಶುಶ್ರೂಷೆ

ಹಳ್ಳಿಯ ಮನೆಗಳಲ್ಲಿ ಬೆಕ್ಕಿಗೆ ಇರುವ ಸ್ಥಾನವು ವಿಚಿತ್ರವಾದುದು. ಹಸುವಿಗೆ ಕೊಟ್ಟಿಗೆಯುಂಟು; ಕಾಯಿಲೆ ಬಂದರೆ ವೈದ್ಯರಿಗೆ ಹೇಳಿಕಳುಹಿಸುವ ವಾಡಿಕೆಯೂ ಉಂಟು. ನಾಯಿಗೆ ಬಾಗಿಲ ಕಾವಲಿನ ಗೌರವವುಂಟು. ಬೆಕ್ಕಿಗಾದರೋ ಒಲೆಯ ಮಗ್ಗುಲಿನ ಬೆಚ್ಚನೆಯ ಮೂಲೆಯೊಂದನ್ನು ಬಿಟ್ಟರೆ ತನ್ನದೆಂಬುದು ಯಾವುದೂ ಇಲ್ಲ. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ರೈತರು ಮಳೆಯನ್ನೇ ನಂಬಿ ಬೆಳೆದ ರಾಗಿಯನ್ನೂ ಶೇಂಗಾವನ್ನೂ ಮೆಕ್ಕೆಜೋಳವನ್ನೂ ಇಲಿಯ ಬಾಯಿಂದ ಉಳಿಸಿಕೊಡುವುದು ಈ ಪ್ರಾಣಿಯೇ. ಇಷ್ಟು ಉಪಕಾರ ಮಾಡುವ ಬೆಕ್ಕು ಒಂದು ದಿನ ಕಾಲೆಳೆದುಕೊಂಡು ಮನೆಗೆ ಬಂದರೆ ಹಿರಿಯರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತು ಒಂದೇ: “ಬೆಕ್ಕಿನ ಜೀವ ಗಟ್ಟಿ, ತಾನೇ ನೆಕ್ಕಿಕೊಂಡು ವಾಸಿಮಾಡಿಕೊಳ್ಳುತ್ತದೆ.” ಈ ಮಾತಿನಲ್ಲಿ ಸತ್ಯವೆಷ್ಟು, ಉದಾಸೀನವೆಷ್ಟು ಎಂಬುದನ್ನು ವಿಚಾರಿಸಿ, ಗಾಯಗೊಂಡ ಬೆಕ್ಕಿಗೆ ಮನೆಯ ಹೆಣ್ಣುಮಕ್ಕಳು ಯಾವ ರೀತಿಯಲ್ಲಿ ಶುಶ್ರೂಷೆ ಮಾಡಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ಸೀಮೆಯಲ್ಲಿ ಬೆಕ್ಕಿಗೆ ಒದಗುವ ಅಪಾಯಗಳು ಹಲವು. ಹಿರಿಯೂರಿನ ಮತ್ತು ಚಿತ್ರದುರ್ಗದ ಮಗ್ಗುಲಲ್ಲಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ಲಾರಿಗಳು ಓಡುತ್ತವೆ. ಹೊಸದುರ್ಗದ ತೆಂಗಿನ ತೋಟಗಳಲ್ಲಿ ನಿಂತ ಟ್ರ್ಯಾಕ್ಟರಿನ ನೆರಳು ಬೆಕ್ಕಿಗೆ ಬಲು ಇಷ್ಟವಾದ ಮಲಗುವ ಸ್ಥಳವು. ಹೊಳಲ್ಕೆರೆಯ ಕಡೆಯ ಅಡಕೆ ತೋಟಗಳ ಬೇಲಿಗಳಲ್ಲಿ ಹಂದಿಗಾಗಿ ಒಡ್ಡಿದ ತಂತಿಯ ಉರುಳಿಗೆ ಬೆಕ್ಕಿನ ಕಾಲು ಸಿಕ್ಕುವುದುಂಟು. ಇವಲ್ಲದೆ ಬೀದಿನಾಯಿಯ ಕಡಿತ, ಜಾಲಿಯ ಮುಳ್ಳು, ಕಟ್ಟೆಯಿಲ್ಲದ ಬಾವಿ, ಮಾಳಿಗೆಯ ಮೇಲಿಂದ ಬೀಳುವಿಕೆ ಇವೆಲ್ಲವೂ ಸೇರಿಕೊಳ್ಳುತ್ತವೆ.

ಮಾಳಿಗೆಯಿಂದ ಬಿದ್ದ ಬೆಕ್ಕು ಕಾಲೂರಿಯೇ ಇಳಿಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಇದು ಹೇಗೆ ಸಾಧ್ಯವೆಂಬುದನ್ನು 1894ರಲ್ಲಿ ಫ್ರಾನ್ಸ್ ದೇಶದ ಎಟಿಯೆನ್ ಜೂಲ್ ಮರೇ ಎಂಬ ವಿದ್ವಾಂಸರು ಬೀಳುತ್ತಿರುವ ಬೆಕ್ಕಿನ ಛಾಯಾಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದು ತೋರಿಸಿಕೊಟ್ಟರು. ಬೆಕ್ಕಿನ ಬೆನ್ನೆಲುಬು ಬಹಳ ಬಾಗುವಂಥದು. ಅದು ಮೊದಲು ಮುಂಭಾಗವನ್ನೂ ಅನಂತರ ಹಿಂಭಾಗವನ್ನೂ ತಿರುಗಿಸಿಕೊಂಡು ಗಾಳಿಯಲ್ಲಿಯೇ ಸರಿಯಾಗುತ್ತದೆ. ಆದರೆ ಕಾಲೂರಿ ಇಳಿಯುವುದೇ ಬೇರೆ, ನೋಯದೆ ಇಳಿಯುವುದೇ ಬೇರೆ. ಎತ್ತರದಿಂದ ಬಿದ್ದ ಬೆಕ್ಕಿನ ಎದೆಯೂ ಗದ್ದವೂ ನೆಲಕ್ಕೆ ಬಡಿದು ಶ್ವಾಸಕೋಶಕ್ಕೆ ಏಟಾಗುವುದು, ಮೇಲಂಗುಳು ಸೀಳುವುದು, ಕಾಲು ಮುರಿಯುವುದು ಸಾಮಾನ್ಯವು. ನ್ಯೂಯಾರ್ಕ್ ನಗರದ ಎತ್ತರದ ಕಟ್ಟಡಗಳಿಂದ ಬಿದ್ದು ಪಶುಚಿಕಿತ್ಸಾಲಯವೊಂದಕ್ಕೆ ಬಂದ 132 ಬೆಕ್ಕುಗಳ ವಿವರವನ್ನು ಅಲ್ಲಿನ ವೈದ್ಯರು 1987ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಹೊಂದಿದವುಗಳಲ್ಲಿ ನೂರಕ್ಕೆ 90ರಷ್ಟು ಬದುಕಿದವು. ಬೆಕ್ಕಿನ ಜೀವ ಗಟ್ಟಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಕೇಳುವವರು ಒಂದು ಮಾತನ್ನು ಗಮನಿಸಬೇಕು: ಬದುಕಿದವು ಚಿಕಿತ್ಸೆ ಹೊಂದಿದ ಬೆಕ್ಕುಗಳು. ಬಿದ್ದ ಸ್ಥಳದಲ್ಲಿಯೇ ಸತ್ತವೂ, ಯಾರೂ ಎತ್ತಿಕೊಂಡು ಬಾರದವೂ ಆ ಲೆಕ್ಕದಲ್ಲಿ ಸೇರಲಿಲ್ಲ.

ನೆಕ್ಕುವುದರಿಂದ ಗಾಯ ಮಾಯುತ್ತದೆಂಬ ನಂಬಿಕೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ಬೆಕ್ಕಿನ ನಾಲಗೆಯ ಮೇಲೆ ಒಳಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಅದು ಮೇಲ್ಮೈಯ ಕೊಳೆಯನ್ನು ತೆಗೆಯಬಲ್ಲುದು. ಆದರೆ ಕೂಡಿಕೊಳ್ಳುತ್ತಿರುವ ಚರ್ಮವನ್ನು ಮತ್ತೆ ಮತ್ತೆ ಬಿಚ್ಚಿಬಿಡುತ್ತದೆ. ಬಾಯಿಯೊಳಗಿನ ರೋಗಾಣುಗಳು ಗಾಯದೊಳಗೆ ಸೇರಿದರೆ ಕೀವು ತುಂಬುತ್ತದೆ. ವೈದ್ಯರು ಬೆಕ್ಕಿನ ಕೊರಳಿಗೆ ಅಗಲವಾದ ಪಟ್ಟಿಯೊಂದನ್ನು ಆಲಿಕೆಯಂತೆ ಕಟ್ಟುವುದು ಇದಕ್ಕಾಗಿಯೇ.

ಗಾಯಗೊಂಡ ಬೆಕ್ಕು ಕೂಗುವುದು ಕಡಮೆ; ಅಡಗುವುದೇ ಹೆಚ್ಚು. ಬೆಕ್ಕಿನ ಪೂರ್ವಿಕವು ಪಶ್ಚಿಮ ಏಷ್ಯ ಮತ್ತು ಆಫ್ರಿಕಗಳ ಒಣನೆಲದ ಕಾಡುಬೆಕ್ಕು. ಆ ಪ್ರಾಣಿ ಒಂಟಿಯಾಗಿ ಬೇಟೆಯಾಡುತ್ತಿತ್ತು. ತನಗಿಂತ ದೊಡ್ಡ ಮೃಗಗಳಿಗೆ ಬೇಟೆಯೂ ಆಗುತ್ತಿತ್ತು. ನೋವನ್ನು ತೋರಿಸಿಕೊಂಡರೆ ಪ್ರಾಣಕ್ಕೇ ಅಪಾಯವು. ಆ ಸ್ವಭಾವವು ನಮ್ಮ ಒಲೆಯ ಬಳಿಯ ಬೆಕ್ಕಿನಲ್ಲಿ ಇನ್ನೂ ಉಳಿದಿದೆ. ಆದುದರಿಂದ ಊಟದ ಹೊತ್ತಿಗೆ ಬಾರದ ಬೆಕ್ಕನ್ನು ಕಣಜದ ಹಿಂದೆ, ಸೌದೆಯ ರಾಶಿಯೊಳಗೆ, ಹುಲ್ಲಿನ ಬಣವೆಯ ಸಂದಿನಲ್ಲಿ ಹುಡುಕತಕ್ಕದ್ದು. ಗುರುಗುಟ್ಟುತ್ತಿದೆಯೆಂದು ಸುಖವಾಗಿದೆಯೆಂದೂ ಭಾವಿಸಕೂಡದು. ಬೆಕ್ಕು ಸುಖದಲ್ಲಿ ಗುರುಗುಟ್ಟುವಂತೆಯೇ ಪ್ರಸವದಲ್ಲಿಯೂ ಕಡುನೋವಿನಲ್ಲಿಯೂ ಗುರುಗುಟ್ಟುತ್ತದೆ. ನೋವನ್ನು ಅದರ ಮುಖದಲ್ಲಿ ಓದಬೇಕು. ಕೆನಡ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಇದಕ್ಕೆ ಐದು ಗುರುತುಗಳನ್ನು ಹೇಳಿದ್ದಾರೆ: ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುವುದು, ಕಣ್ಣುಗಳು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗುವುದು, ತಲೆ ಭುಜಕ್ಕಿಂತ ಕೆಳಗೆ ಇಳಿಯುವುದು. ಇವನ್ನು ಒಮ್ಮೆ ಕಲಿತ ಹುಡುಗಿಯು ದೂರದಿಂದಲೇ ನೋಡಿ ನೋವನ್ನು ಹೇಳಬಲ್ಲಳು.

ಇನ್ನು ಮೊದಲನೆಯ ಗಳಿಗೆಯಲ್ಲಿ ಮಾಡತಕ್ಕದ್ದೇನು? ಬೆಕ್ಕನ್ನು ಕಂಡೊಡನೆ ಎತ್ತಿಕೊಳ್ಳದೆ ಒಂದು ನಿಮಿಷ ನೋಡಬೇಕು. ಬಾಯಿ ತೆರೆದು ಉಸಿರಾಡುತ್ತಿದೆಯೇ? ಒಸಡು ನಸುಗೆಂಪಾಗಿದೆಯೇ, ಸುಣ್ಣದಂತೆ ಬಿಳುಪಾಗಿದೆಯೇ? ಹಿಂಗಾಲುಗಳನ್ನು ಎಳೆಯುತ್ತಿದೆಯೇ? ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿಯಬೇಕು. ಅನಂತರ ದಪ್ಪನೆಯ ಟವೆಲನ್ನು ಮೆಲ್ಲನೆ ಹೊದಿಸಿ, ಮೈಯೆಲ್ಲಕ್ಕೂ ಆಧಾರ ಕೊಟ್ಟು, ಒಂದು ರಟ್ಟಿನ ಪೆಟ್ಟಿಗೆಗೋ ಬುಟ್ಟಿಗೋ ಸರಿಸಬೇಕು. ಬೆನ್ನಿಗೆ ಏಟಾದ ಸಂದೇಹವಿದ್ದರೆ ಹಲಗೆಯ ಮೇಲೆ ಮಲಗಿಸಿ ಸಾಗಿಸುವುದು ಯೋಗ್ಯವು. ಆಘಾತವಾದ ಬೆಕ್ಕಿನ ಮೈ ಬೇಗ ತಣ್ಣಗಾಗುತ್ತದೆ. ಅದರ ಸಹಜವಾದ ಉಷ್ಣತೆಯು ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆದ್ದರಿಂದ ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿರಿಸಬೇಕು. ವೈದ್ಯರು ಅರಿವಳಿಕೆ ಕೊಡಬೇಕಾಗಬಹುದಾದುದರಿಂದ ಅವರು ನೋಡುವ ತನಕ ಹಾಲನ್ನಾಗಲಿ ನೀರನ್ನಾಗಲಿ ಬಾಯಿಗೆ ಹಾಕಕೂಡದು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದ ಸಾಯುವ ಬೆಕ್ಕುಗಳುಂಟು. ನಮಗೆ ಜ್ವರಕ್ಕೂ ಮೈನೋವಿಗೂ ಮನೆಮನೆಯಲ್ಲಿಯೂ ಇರುವ ಪ್ಯಾರಾಸಿಟಮಾಲ್ ಮಾತ್ರೆಯು ಬೆಕ್ಕಿಗೆ ಶುದ್ಧ ವಿಷವು. ಆ ಔಷಧವನ್ನು ನಿರಪಾಯಗೊಳಿಸುವ ಕಿಣ್ವವು ಮನುಷ್ಯನ ಯಕೃತ್ತಿನಲ್ಲಿ ಸಾಕಷ್ಟಿದೆ; ಬೆಕ್ಕಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ಪರಿಣಾಮವಾಗಿ ಕೆಂಪು ರಕ್ತಕಣಗಳು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಮಿನ ಒಂದೇ ಮಾತ್ರೆಯು ಬೆಕ್ಕೊಂದನ್ನು ಕೊಲ್ಲಲು ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಮುಂತಾದುವುಗಳೂ ಅಪಾಯಕರವೇ. ಹಸುವಿನ ಗಾಯಕ್ಕೆ ಬಳಸುವ ಟರ್ಪೆಂಟೈನ್ ಎಣ್ಣೆ, ಸೀಮೆಎಣ್ಣೆ, ಹೊಗೆಸೊಪ್ಪಿನ ರಸ, ಫಿನಾಯಿಲು, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಕ್ರಿಮಿನಾಶಕ ದ್ರವ ಇವು ಯಾವುವನ್ನೂ ಬೆಕ್ಕಿನ ಮೈಗೆ ಸೋಕಿಸಕೂಡದು. ಹಸು ತನ್ನ ಗಾಯವನ್ನು ನೆಕ್ಕಿಕೊಳ್ಳುವುದು ಕಡಮೆ. ಬೆಕ್ಕು ಮೈಗೆ ಹಚ್ಚಿದುದೆಲ್ಲವನ್ನೂ ನುಂಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ, ಎಂದರೆ ಸುಮಾರು ಒಂದೂವರೆ ಸಣ್ಣ ಚಮಚದಷ್ಟು ಉಪ್ಪನ್ನು ಕರಗಿಸಿ ಗಾಯವನ್ನು ತೊಳೆದರೆ ಮೊದಲ ಉಪಚಾರಕ್ಕೆ ಅದೇ ಸಾಕು.

ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟುವ ಪದ್ಧತಿಯನ್ನೂ ಇಲ್ಲಿ ಬಿಡಬೇಕು. ಮುರಿದ ಮೂಳೆಯ ಮೇಲಿನ ಕೀಲೂ ಕೆಳಗಿನ ಕೀಲೂ ಎರಡೂ ಅಲುಗದಂತೆ ಕಟ್ಟಿದರೆ ಮಾತ್ರ ಕಟ್ಟು ಪ್ರಯೋಜನಕರವು. ತೊಡೆಯ ಮೂಳೆಗೆ ಹೀಗೆ ಕಟ್ಟುವುದು ಅಸಾಧ್ಯವು. ಬಿಗಿಯಾದ ಕಟ್ಟು ರಕ್ತಸಂಚಾರವನ್ನು ತಡೆದು ಇಡೀ ಕಾಲನ್ನೇ ಕೊಳೆಯಿಸಬಹುದು.

ಅತ್ಯಂತ ಸಾಧುವಾದ ಬೆಕ್ಕೂ ನೋವಿನಲ್ಲಿ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ, ಆ ಸ್ಥಳವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಹುಚ್ಚುನಾಯಿಯ ರೋಗವು ಬೆಕ್ಕಿನಿಂದಲೂ ಬರುತ್ತದೆ. ನಾಯಿ ಕಚ್ಚಿದ ಬೆಕ್ಕಿನ ವಿಷಯದಲ್ಲಂತೂ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ರೋಗದ ಲಕ್ಷಣಗಳು ತೋರಿದ ಮೇಲೆ ಔಷಧವಿಲ್ಲ. ಕಾಲಕ್ಕೆ ಸರಿಯಾಗಿ ಚುಚ್ಚುಮದ್ದು ಹಾಕಿಸಿಕೊಂಡವರಿಗಾದರೋ ಭಯಪಡಬೇಕಾದುದಿಲ್ಲ. ಹಿಂದಿನವರು ಹೊಟ್ಟೆಗೆ ಚುಚ್ಚಿಸಿಕೊಳ್ಳುತ್ತಿದ್ದ ಹದಿನಾಲ್ಕು ಸೂಜಿಗಳ ಕಾಲ ಕಳೆದುಹೋಗಿದೆ. ಈಗ ತೋಳಿಗೆ ಕೊಡುವ ನಾಲ್ಕೈದು ಸರದಿಯ ಚುಚ್ಚುಮದ್ದೇ ಸಾಕು.

ಪಶುಚಿಕಿತ್ಸಾಲಯಗಳು ನಾಲ್ಕು ತಾಲ್ಲೂಕುಗಳ ಮುಖ್ಯಸ್ಥಳಗಳಲ್ಲಿಯೂ ಇವೆ. ಸರ್ಕಾರದ ಸಂಚಾರಿ ಚಿಕಿತ್ಸಾ ವಾಹನಗಳಿಗಾಗಿ 1962 ಎಂಬ ದೂರವಾಣಿ ಸಂಖ್ಯೆಯುಂಟು. ಕ್ಷ-ಕಿರಣದ ಯಂತ್ರವು ಎಲ್ಲೆಡೆಯೂ ಇರುವುದಿಲ್ಲವಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಶಿವಮೊಗ್ಗದಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಪಶುವೈದ್ಯ ಕಾಲೇಜುಗಳಿವೆ. “ಒಂದು ಬೆಕ್ಕಿಗೆ ಇಷ್ಟೆಲ್ಲವೇ?” ಎಂದು ನಗುವವರಿಗೆ, ಪ್ರಾಣಿಯನ್ನು ಸಾಕಿದವರು ಅದಕ್ಕೆ ಅನಾವಶ್ಯಕವಾದ ನೋವಾಗದಂತೆ ನೋಡಿಕೊಳ್ಳತಕ್ಕದ್ದೆಂದು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನೇ ವಿಧಿಸಿದೆಯೆಂಬುದನ್ನು ತಿಳಿಸಬಹುದು.

ವೈದ್ಯರ ಕೆಲಸವು ಒಂದೆರಡು ದಿನಗಳದು; ಮನೆಯವರ ಕೆಲಸವು ವಾರಗಳದು. ಇದನ್ನು ಸ್ಪಷ್ಟಪಡಿಸುವುದಕ್ಕೆ ಹೊಸದುರ್ಗದ ಕಡೆಯ ನಮ್ಮ ಮನೆಯ ಬೆಕ್ಕಿನ ವಿಷಯವನ್ನೇ ಹೇಳುವೆನು. ಮೂರು ವರ್ಷದ ಆ ಹೆಣ್ಣು ಬೆಕ್ಕು ಟ್ರ್ಯಾಕ್ಟರಿನ ಚಕ್ರದ ಬಳಿ ಮಲಗಿದ್ದು, ಗಾಡಿ ಹೊರಟಾಗ ತಪ್ಪಿಸಿಕೊಳ್ಳುವಷ್ಟರಲ್ಲಿ ಸೊಂಟಕ್ಕೆ ಏಟು ತಿಂದಿತು. ವೈದ್ಯರು ಕ್ಷ-ಕಿರಣದ ಚಿತ್ರವನ್ನು ತೆಗೆಸಿ ನೋಡಿ, ಸೊಂಟದ ಮೂಳೆ ಎರಡು ಕಡೆ ಬಿರಿದಿದೆಯೆಂದೂ, ಮೂಳೆಗಳು ಹೆಚ್ಚಾಗಿ ಸರಿದಿಲ್ಲವಾದ್ದರಿಂದ ಶಸ್ತ್ರಕ್ರಿಯೆ ಬೇಡವೆಂದೂ, ಆರು ವಾರ ಅಲುಗಾಡದಂತೆ ಇರಿಸಬೇಕೆಂದೂ ಹೇಳಿದರು. ಬೆಕ್ಕಿನ ತೂಕವನ್ನು ನೋಡಿ ಹನಿಗಳ ಲೆಕ್ಕದಲ್ಲಿ ನೋವಿನ ಔಷಧವನ್ನು ಕೊಟ್ಟರು. ಆ ರಾತ್ರಿ ಮನೆಗೆ ತಂದಾಗ ಅದು ತಲೆಯನ್ನೂ ಎತ್ತಲಿಲ್ಲ. ಹತ್ತು ವರ್ಷದ ನನ್ನ ಮಗಳು ಮಾತ್ರ, “ಅಮ್ಮಾ, ಇದು ಉಳಿಯುತ್ತದೆಯೇ?” ಎಂದು ಕೇಳಿದಳು. “ನಾಳೆ ಬೆಳಗ್ಗೆ ಮೂತ್ರ ಮಾಡಿದರೆ ಅರ್ಧ ಗೆದ್ದಂತೆ” ಎಂದು ವೈದ್ಯರು ಹೇಳಿದ್ದನ್ನೇ ನಾನೂ ಹೇಳಿದೆನು. ಸೊಂಟ ಮುರಿದ ಬೆಕ್ಕಿನ ಮೂತ್ರಕೋಶ ಒಡೆದಿರಬಹುದು, ಇಲ್ಲವೇ ಅದರ ನರಗಳಿಗೆ ಪೆಟ್ಟಾಗಿರಬಹುದು. ಒಂದು ದಿನವೆಲ್ಲಾ ಮೂತ್ರವಿಲ್ಲದಿದ್ದರೆ ಪ್ರಾಣಾಪಾಯವೆಂದೇ ತಿಳಿಯಬೇಕು. ಬೆಳಗಾಗುವಷ್ಟರಲ್ಲಿ ಹಾಸಿದ ಕಾಗದ ಒದ್ದೆಯಾಗಿತ್ತು. ಒದ್ದೆ ಕಾಗದವನ್ನು ನೋಡಿ ಒಂದು ಮನೆಯವರೆಲ್ಲ ಇಷ್ಟು ಸಂತೋಷಪಟ್ಟುದು ಅಪರೂಪವೇ ಸರಿ.

ಅಂದಿನಿಂದ ಕೋಳಿ ಮುಚ್ಚುವ ದೊಡ್ಡ ಬಿದಿರ ಮಂಕರಿಯೇ ಅದರ ಆಸ್ಪತ್ರೆಯಾಯಿತು. ಎದ್ದು ತಿರುಗಿ ಮಲಗುವಷ್ಟು ಸ್ಥಳ, ನೆಗೆಯಲಾಗದಷ್ಟು ಎತ್ತರ: ಇದೇ ಅಳತೆ. ಒಳಗೆ ಹಳೆಯ ಕಂಬಳಿಯನ್ನು ಮಡಿಸಿ ಹಾಸಿದೆವು. ಮಲಮೂತ್ರದ ತಟ್ಟೆಗೆ ಮರಳಿನ ಬದಲು ಹರಿದ ಕಾಗದವನ್ನು ಹಾಕಿದೆವು. ಮರಳು ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಬೇಸಗೆಯಾದ್ದರಿಂದ ತಗಡಿನ ಮಾಡಿನಡಿಯಲ್ಲಿ ಇಡದೆ ಮಣ್ಣಿನ ಮಾಳಿಗೆಯ ನಡುಮನೆಯಲ್ಲಿರಿಸಿದೆವು. ಮಳೆಗಾಲದಲ್ಲಾದರೆ ನೊಣಗಳ ಭಯವೇ ದೊಡ್ಡದು. ನೊಣವು ಗಾಯದ ಮೇಲಿಟ್ಟ ಮೊಟ್ಟೆ ಒಂದೇ ದಿನದೊಳಗೆ ಹುಳುವಾಗಬಲ್ಲುದು. ದಿನಕ್ಕೆರಡು ಬಾರಿ ಕೂದಲನ್ನು ಬಿಡಿಸಿ ನೋಡಬೇಕು, ತೆಳುವಾದ ಬಟ್ಟೆಯನ್ನು ಮುಚ್ಚಬೇಕು.

ಆಹಾರವೇ ಎರಡನೆಯ ಔಷಧವು. ಎರಡು ಮೂರು ದಿನಗಳು ಏನೂ ತಿನ್ನದ ಬೆಕ್ಕಿನ, ಅದರಲ್ಲಿಯೂ ಕೊಬ್ಬಿದ ಬೆಕ್ಕಿನ, ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಕಾಮಾಲೆಯುಂಟಾಗುತ್ತದೆ. ಉಪವಾಸವು ಪರಮೌಷಧವೆಂಬ ಮಾತು ಬೆಕ್ಕಿಗೆ ಸಲ್ಲದು. ಹಾಲು ಅನ್ನವೂ ಮುದ್ದೆಯೂ ಅದಕ್ಕೆ ಸಾಲವು. ಬೆಳೆದ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲಿನಿಂದ ಭೇದಿಯೂ ಆಗುತ್ತದೆ. ಬೆಕ್ಕು ಮಾಂಸಾಹಾರಕ್ಕಾಗಿಯೇ ಹುಟ್ಟಿದ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ಪದಾರ್ಥವಿಲ್ಲದೆ ಅದರ ಕಣ್ಣು ಕುರುಡಾಗುವುದೆಂದು 1975ರಲ್ಲಿಯೂ, ಹೃದಯ ಬಲಗುಂದುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ನಮ್ಮದು ಮಾಂಸ ಬೇಯಿಸದ ಮನೆ. ಇಲಿ ಹಿಡಿಯುತ್ತಿದ್ದ ಕಾಲದಲ್ಲಿ ಬೆಕ್ಕು ತನ್ನ ಪಾಲನ್ನು ತಾನೇ ನೋಡಿಕೊಳ್ಳುತ್ತಿತ್ತು, ಮಂಕರಿಯೊಳಗೆ ಇಲಿಯೆಲ್ಲಿಯದು? ನೆರೆಮನೆಯವರು ಉಪ್ಪು ಖಾರವಿಲ್ಲದೆ ಬೇಯಿಸಿದ ಮೀನನ್ನು ತಂದುಕೊಟ್ಟರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿತ್ತಲಲ್ಲಿ ಕೊಟ್ಟು ತಟ್ಟೆಯನ್ನು ಅಲ್ಲಿಯೇ ತೊಳೆದಿಡಿ, ಹಸಿದ ಜೀವಕ್ಕೆ ನಮ್ಮ ಮಡಿ ಏಕೆ?” ಎಂದರು. ಎರಡನೆಯ ದಿನ ಸಂಜೆ, ಬೆಚ್ಚಗೆ ಮಾಡಿದ ಮೀನಿನ ತಿಳಿಯನ್ನು ಬೆಕ್ಕು ಮೊದಲ ಬಾರಿ ನೆಕ್ಕಿತು. ಬೆಕ್ಕು ರುಚಿಗಿಂತ ವಾಸನೆಯಿಂದ ಉಣ್ಣುವುದಾದ್ದರಿಂದ ಆಹಾರವನ್ನು ಸ್ವಲ್ಪ ಬಿಸಿಮಾಡಿದರೆ ಹಸಿವು ಕೆರಳುತ್ತದೆ. ನಮ್ಮ ಜಿಲ್ಲೆಯು ಈರುಳ್ಳಿಗೆ ಪ್ರಸಿದ್ಧವಾದರೂ ಈರುಳ್ಳಿ ಬೆಳ್ಳುಳ್ಳಿ ಬೆಂದ ಸಾರನ್ನು ಬೆಕ್ಕಿಗೆ ಕಲಸಿ ಹಾಕಕೂಡದು. ಅವು ಅದರ ರಕ್ತಕಣಗಳನ್ನು ಒಡೆಯುತ್ತವೆ.

ಮೂರನೆಯ ಔಷಧವು ಲೆಕ್ಕ. ಮಗಳು ಒಂದು ನೋಟ್‌ಪುಸ್ತಕದಲ್ಲಿ ಗೆರೆಯೆಳೆದು ದಿನವೂ ತಿಂದುದು, ಕುಡಿದುದು, ಮೂತ್ರ, ಮಲ, ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಬರೆದಳು. ಮಲಗಿದ ಬೆಕ್ಕಿನ ಉಸಿರು ನಿಮಿಷಕ್ಕೆ 30ರ ಒಳಗಿರಬೇಕು. 40ನ್ನು ಮೀರಿದರೆ ಎದೆಯಲ್ಲಿ ತೊಂದರೆಯುಂಟೆಂದು ವೈದ್ಯರನ್ನು ಕಾಣಬೇಕು. ಏಟಿನಿಂದ ವಪೆ ಹರಿದದ್ದು ಕೆಲವು ವೇಳೆ ಹಲವು ದಿನಗಳ ಮೇಲೆಯೇ ಗೊತ್ತಾಗುತ್ತದೆ. “ಸುಸ್ತಾಗಿದೆ” ಎಂಬ ಮಾತಿಗಿಂತ “ನಿನ್ನೆ 26, ಇಂದು 44” ಎಂಬ ಮಾತು ವೈದ್ಯರಿಗೆ ಹೆಚ್ಚು ಉಪಯುಕ್ತವು.

ಅತ್ಯಂತ ಕಷ್ಟವಾದ ಕಾಲವು ಮೊದಲ ರಾತ್ರಿಯಲ್ಲ, ಮೂರನೆಯ ವಾರ. ಮುರಿದ ಮೂಳೆಯ ಸುತ್ತ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಮೆತ್ತನೆಯ ಗಂಟು ಬೆಳೆಯುತ್ತದೆ. ಅದು ಕ್ರಮವಾಗಿ ಗಟ್ಟಿಯಾಗುತ್ತದೆ. ಮೂರನೆಯ ವಾರದಲ್ಲಿ ನೋವು ಇಳಿದಿರುತ್ತದೆ, ಗಂಟು ಇನ್ನೂ ಗಟ್ಟಿಯಾಗಿರುವುದಿಲ್ಲ. ಬೆಕ್ಕು ಮಂಕರಿಯನ್ನು ಕೆರೆದು ಕೂಗಲಾರಂಭಿಸಿತು. ಮನೆಗೆ ಬಂದವರೆಲ್ಲರೂ “ಪಾಪ, ಬಿಟ್ಟುಬಿಡಿ” ಎನ್ನುವವರೇ. ಒಂದು ಸಲ ಕಣಜದ ಮೇಲಕ್ಕೆ ನೆಗೆದರೆ ಮೂರು ವಾರಗಳ ಶ್ರಮ ಮಣ್ಣುಪಾಲು. ಮಗಳು ಕಣ್ಣೀರಿಟ್ಟಳು, ಆದರೆ ಮಂಕರಿಯನ್ನು ಎತ್ತಲಿಲ್ಲ. ಅದರ ಪಕ್ಕದಲ್ಲಿಯೇ ಕುಳಿತು ಪಾಠ ಓದುವುದನ್ನು ರೂಢಿಮಾಡಿಕೊಂಡಳು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಿಲ್ಲ: ಒಮ್ಮೆ ಸುಡುವ ಹಾಲಿಗೆ ಬಾಯಿಟ್ಟ ಬೆಕ್ಕು ಅಂದಿನಿಂದ ಹಾಲನ್ನು ಕಂಡರೇ ಓಡಿತು. ನಾವು ನಗುವ ಆ ಕಥೆಯೊಳಗೆ ಒಂದು ಸತ್ಯವಿದೆ. ಬೆಕ್ಕು ನೋವನ್ನು ಮರೆಯದು. ನೋವು ಕೊಟ್ಟ ಕೈಯನ್ನೂ ಮರೆಯದು. ಔಷಧ ಕೊಡುವ ಕೈಯೇ ಊಟವನ್ನೂ ಕೊಡಬೇಕು, ಊಟ ಕೊಡುವ ಧ್ವನಿ ಎಂದೂ ಏರಕೂಡದು. ಗದ್ದಲವಿಲ್ಲದ ಸ್ಥಳ, ಒಬ್ಬಳೇ ಶುಶ್ರೂಷಕಿ, ದಿನವೂ ಅದೇ ವೇಳೆ; ಹೀಗಿದ್ದರೆ ಕಾಡುಸ್ವಭಾವದ ಬೆಕ್ಕೂ ಮೈಯನ್ನು ಒಪ್ಪಿಸುತ್ತದೆ.

ಆರು ವಾರಗಳಾದ ಮೇಲೆ ಮತ್ತೆ ಕ್ಷ-ಕಿರಣದ ಚಿತ್ರವನ್ನು ತೆಗೆಸಿ, ಮೂಳೆ ಕೂಡಿದೆಯೆಂದು ವೈದ್ಯರು ಹೇಳಿದ ಬಳಿಕ ಮೊದಲು ಕೋಣೆಯಲ್ಲಿ, ಅನಂತರ ಮನೆಯಲ್ಲಿ, ಕೊನೆಗೆ ಹಿತ್ತಲಲ್ಲಿ ಬಿಟ್ಟೆವು. ಮರಿಗಳ ಮೂಳೆ ಇದಕ್ಕಿಂತ ಬೇಗ, ಮುದಿಬೆಕ್ಕಿನದು ತಡವಾಗಿ ಕೂಡುತ್ತದೆ. ಕಾಲನ್ನೇ ತೆಗೆಯಬೇಕಾಗಿ ಬಂದರೂ ನಿರಾಶರಾಗಬೇಕಾದುದಿಲ್ಲ. ಮೂರು ಕಾಲಿನ ಬೆಕ್ಕುಗಳು ಓಡುತ್ತವೆ, ಹತ್ತುತ್ತವೆ, ಬಹುಕಾಲ ಬಾಳುತ್ತವೆ. ಸೊಂಟ ಕಿರಿದಾಗಿ ಕೂಡಿದ ಹೆಣ್ಣು ಬೆಕ್ಕಿಗೆ ಪ್ರಸವವು ಪ್ರಾಣಾಂತಿಕವಾಗಬಹುದಾದ್ದರಿಂದ ಗರ್ಭವಾಗದಂತೆ ಶಸ್ತ್ರಕ್ರಿಯೆ ಮಾಡಿಸುವುದು ಅವಶ್ಯಕವು; ನಾವೂ ಹಾಗೆಯೇ ಮಾಡಿಸಿದೆವು. ಬಾವಿಗೆ ಕಟ್ಟೆ, ಬೇಲಿಯ ಉರುಳುಗಳ ನಿವಾರಣೆ, ಟ್ರ್ಯಾಕ್ಟರು ಹೊರಡುವ ಮುನ್ನ ಕೆಳಗೊಮ್ಮೆ ಬಗ್ಗಿ ನೋಡುವ ಅಭ್ಯಾಸ ಇವು ಚಿಕಿತ್ಸೆಗಿಂತ ಸುಲಭವಾದ ಕಾರ್ಯಗಳು.

ಇಷ್ಟರಿಂದ ಬೆಕ್ಕಿನ ಜೀವ ಗಟ್ಟಿಯೆಂಬ ಮಾತು ಸುಳ್ಳಲ್ಲವೆಂದು ವಾಚಕರಿಗೆ ತಿಳಿದಿರಬಹುದು. ಅದರ ಮೈಯಲ್ಲಿ ವಾಸಿಯಾಗುವ ಶಕ್ತಿ ಧಾರಾಳವಾಗಿದೆ. ಅದಕ್ಕೆ ಬೇಕಾದುದು ವಿಷದ ಮಾತ್ರೆಯಿಂದ ರಕ್ಷಣೆ, ಬೆಚ್ಚನೆಯ ಮೂಲೆ, ಬಾಯಿಗೆ ಹಿಡಿಸುವ ಆಹಾರ, ಮತ್ತು ಆರು ವಾರಗಳ ಕಾಲ ಬೇಸರಪಡದ ಒಬ್ಬರು. ಆ ಒಬ್ಬರಾಗುವ ಅವಕಾಶವನ್ನು ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಕೊಡಬೇಕೆಂದು ಕೋರುವೆನು. ಉಸಿರೆಣಿಸುವುದನ್ನೂ, ಗಾಯ ತೊಳೆಯುವುದನ್ನೂ, ಕರುಣೆಯಿದ್ದೂ ಬೇಡವೆನ್ನುವುದನ್ನೂ ಈ ವಯಸ್ಸಿನಲ್ಲಿ ಕಲಿತವಳಿಗೆ ಮುಂದೆ ಮನೆಯಲ್ಲಿ ಮಗು ಜ್ವರದಿಂದ ಮಲಗಿದಾಗ ಕೈ ನಡುಗದು. ನಮ್ಮ ಬೆಕ್ಕು ಈಗಲೂ ಎಡಗಾಲನ್ನು ಕೊಂಚ ಎಳೆಯುತ್ತದೆ. ಇಲಿಗಳಿಗೆ ಮಾತ್ರ ಅದರಿಂದ ಯಾವ ಅನುಕೂಲವೂ ಆಗಿಲ್ಲ.